‘ಫೋಟೋ ಐತಲ್ರೀ ಸರ್’

ಬಾದಾಮಿಗೆ ಸ್ಟಡಿ ಟೂರ್ ಬರುವ ಕಲಾ ವಿದ್ಯಾರ್ಥಿಗಳನ್ನು ನೋಡಿ. ಒಂದನೇ ಗುಹೆಯ ನಟರಾಜನ ಮುಂದೆ ಎರಡು ನಿಮಿಷ, ಮೊಬೈಲಿನಲ್ಲಿ ಹತ್ತು ಫೋಟೋ, ಮುಂದಿನ ಗುಹೆ. ಕೂತು ಸ್ಕೆಚ್ ಮಾಡಿ ಅಂದರೆ ಉತ್ತರ ಸಿದ್ಧ: ‘ಫೋಟೋ ಐತಲ್ರೀ ಸರ್, ರೂಮಿನ್ಯಾಗ ತೆಗೀತೀವಿ.’

ಫೋಟೋ ನೆನಪಿಗೆ ಬೇಕು, ಅಳತೆಗೆ ಬರುವುದಿಲ್ಲ. ಹತ್ತಿರ ನಿಂತು ತೆಗೆದರೆ ಮೊಬೈಲಿನ ಲೆನ್ಸು ಅಂಚಿನ ಕೈಗಳನ್ನು ಹಿಗ್ಗಿಸುತ್ತದೆ. ಫೋನನ್ನು ಮೇಲಕ್ಕೆ ವಾಲಿಸಿದರೆ ತಲೆ ಕಿರಿದಾಗುತ್ತದೆ. ಇವೆರಡಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ: ಈಗಿನ ಬಹುತೇಕ ಫೋನುಗಳು ನೆರಳನ್ನು ತಾವೇ ತಿಳಿಯಾಗಿಸುತ್ತವೆ. ಉಬ್ಬುಶಿಲ್ಪದ ಆಳ ಗೊತ್ತಾಗುವುದೇ ನೆರಳಿನಿಂದ. ನಟರಾಜನ 18 ಕೈಗಳಲ್ಲಿ ಯಾವುದು ಮುಂದೆ ಬಂದಿದೆ, ಯಾವುದು ಬಂಡೆಗೆ ಅಂಟಿದೆ ಎಂಬುದು ಪರದೆಯ ಮೇಲೆ ಅಳಿಸಿಹೋಗಿರುತ್ತದೆ. ಅದನ್ನು ನೋಡಿ ಚಿತ್ರ ಬರೆದರೆ ಎಲ್ಲ ಕೈಗೂ ಒಂದೇ ಹದದ ಶೇಡಿಂಗ್ ಬಿದ್ದು ಶಿವ ಜೇಡನಂತೆ ಕಾಣುತ್ತಾನೆ.

ಅಲ್ಲೇ ಸ್ಕೆಚ್ ಮಾಡುವುದು ಹೀಗೆ. ಶಿಲ್ಪದ ಎತ್ತರದ ಮೂರು ಪಟ್ಟು ದೂರಕ್ಕೆ ಸರಿಯಿರಿ, ಜಾಗ ಇದ್ದರೆ. ಕೈಯನ್ನು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಗದ್ದದಿಂದ ಮುಕುಟದ ತುದಿವರೆಗಿನ ಉದ್ದವನ್ನು ಪೆನ್ಸಿಲ್ ಮೇಲೆ ಹೆಬ್ಬೆರಳಿನಿಂದ ಹಿಡಿಯಿರಿ. ಅದೇ ನಿಮ್ಮ ಅಳತೆಗೋಲು. ಉಳಿದದ್ದೆಲ್ಲ ಅದರ ಎಷ್ಟು ಪಟ್ಟು ಎಂದು ನೋಡಿ. ತಪ್ಪುವುದು ಇಲ್ಲೇ: ಎರಡನೇ ಅಳತೆಗೆ ಮೊಣಕೈ ಬಾಗುತ್ತದೆ, ಪೆನ್ಸಿಲ್ ಕಣ್ಣಿಗೆ ಹತ್ತಿರ ಬರುತ್ತದೆ, ಲೆಕ್ಕ ಕಡಿಮೆ ಬೀಳುತ್ತದೆ. ಮೊಣಕೈ ಬಾಗಬಾರದು. ಮತ್ತೊಮ್ಮೆ ಹೇಳುತ್ತೇನೆ, ಬಾಗಬಾರದು. ನಿಂತ ಜಾಗವೂ ಬದಲಾಗಬಾರದು. ಬೋರ್ಡನ್ನು ತೊಡೆಯ ಮೇಲೆ ಮಲಗಿಸಿದರೆ ಕಾಗದದ ಮೇಲ್ಭಾಗ ಕಣ್ಣಿಗೆ ಕುಗ್ಗಿ ಕಾಣುತ್ತದೆ. ಅದನ್ನು ಸರಿದೂಗಿಸಲು ಕೈ ತಾನೇ ಉದ್ದ ಎಳೆಯುತ್ತದೆ. ಬೋರ್ಡು ನಿಲ್ಲಿಸಿದಾಗ ಮುಕುಟ ಗೋಪುರವಾಗಿರುತ್ತದೆ. ದಾರಕ್ಕೊಂದು ನಟ್ ಕಟ್ಟಿ ಇಳಿಬಿಟ್ಟರೆ ಕುತ್ತಿಗೆಯ ಗುಳಿಯ ನೇರಕ್ಕೆ ಯಾವ ಪಾದ ಬರುತ್ತದೆ ಎಂಬುದೂ ತಿಳಿಯುತ್ತದೆ. ಶೇಡಿಂಗ್ ಆಮೇಲೆ. ಕಣ್ಣು ಕಿರಿದು ಮಾಡಿ, ಎಲ್ಲಕ್ಕಿಂತ ಕಪ್ಪಗಿರುವ ಜಾಗವನ್ನು 4ಬಿ ಪೆನ್ಸಿಲಿನಲ್ಲಿ ಮೊದಲು ತುಂಬಿ. ಸವೆದ ಕಡೆ ಗೆರೆ ಕಡಿದೇ ಇರಲಿ, ಊಹಿಸಿ ಪೂರ್ತಿ ಮಾಡಬೇಡಿ.

ಇನ್ನು ವಿಶ್ಲೇಷಣೆ. ‘6ನೇ ಶತಮಾನ, ಚಾಲುಕ್ಯರು, ಅದ್ಭುತ ಕಲಾಕೃತಿ’ ಎಂದು ಬರೆದು ತರುತ್ತಾರೆ. ಅದು ಗೈಡ್ ಹೇಳುವ ಮಾತು. ಸ್ಕೆಚ್ಚಿನ ಪಕ್ಕ ಒಂದೇ ಪ್ರಶ್ನೆ ಬರೆದುಕೊಳ್ಳಿ: ಇಷ್ಟು ಕೈಗಳಿದ್ದರೂ ಗದ್ದಲ ಅನಿಸುವುದಿಲ್ಲ, ಯಾಕೆ? ಉತ್ತರವನ್ನು ಕೈಯಿಂದಲೇ ಹುಡುಕಬೇಕು. ಸ್ಕೆಚ್ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ಒಂದು ಬದಿಯ ಕೈಗಳನ್ನು ಬಿಟ್ಟು ಉಳಿದದ್ದನ್ನು ಇಳಿಸಿ. ಇನ್ನೊಂದು ಹಾಳೆಯಲ್ಲಿ ಪಕ್ಕದ ಪುಟ್ಟ ಗಣಪತಿಯನ್ನು ಬಿಡಿ. ಸೊಂಟದ ಬಾಗು ಈಗ ಯಾವ ಕಡೆ ಬೀಳುವಂತಿದೆ? ಕಂಡದ್ದನ್ನು ಎರಡು ಸಾಲು ಬರೆದರೆ ಸಾಕು. ನಿಮಗೆ ಕಂಡದ್ದು ಪಕ್ಕದವನಿಗೆ ಕಾಣದೆ ಇರಬಹುದು. ಅವನ ಹಾಳೆಯನ್ನೂ ನೋಡಿ.

ಕಲ್ಲಿಗೆ ಕಾಗದ ಒತ್ತಿ ಪೆನ್ಸಿಲ್ ಉಜ್ಜುವ ಸಾಹಸ ಮಾತ್ರ ಬೇಡ, ಅದು ಸಂರಕ್ಷಿತ ಸ್ಮಾರಕ. ಬುತ್ತಿಯನ್ನೂ ಅಲ್ಲಿ ಬಿಚ್ಚಬೇಡಿ. ಬಾದಾಮಿಯ ಮಂಗ್ಯಾಗಳು ರೊಟ್ಟಿಯ ಜೊತೆ ಸ್ಕೆಚ್‌ಬುಕ್ಕನ್ನೂ ಒಯ್ಯುತ್ತವೆ.