ಡಿಸೆಂಬರ್ 6ರ ಪವಾಡ, ಅಳಗುಳಿಮಣೆಯ ಲೆಕ್ಕ

ರವೀಂದ್ರ ಜಡೇಜ, ಜಸ್‌ಪ್ರೀತ್ ಬುಮ್ರಾ, ಶ್ರೇಯಸ್ ಅಯ್ಯರ್, ಎಡಗೈ ವೇಗಿ ಆರ್.ಪಿ. ಸಿಂಗ್, ಚೆನ್ನೈನಲ್ಲಿ ಅಜೇಯ 303 ಹೊಡೆದ ನಮ್ಮ ಕರುಣ್ ನಾಯರ್. ಐವರೂ ಹುಟ್ಟಿದ್ದು ಡಿಸೆಂಬರ್ 6ರಂದು. ವರ್ಷ ಬೇರೆ ಬೇರೆ, ತಾರೀಖು ಒಂದೇ. ಆ ದಿನ ಬಂತೆಂದರೆ ಐವರ ಫೋಟೋ ಅಂಟಿಸಿದ ಚಿತ್ರ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತದೆ, ಅದರ ಬೆನ್ನಿಗೇ ಸಂಖ್ಯಾಶಾಸ್ತ್ರದವರು ಬರುತ್ತಾರೆ. 6 ಶುಕ್ರನ ಸಂಖ್ಯೆಯಂತೆ. ಕಲೆ, ಸೌಂದರ್ಯ, ವೈಭೋಗಗಳ ಗ್ರಹ ಎಂದು ಇಷ್ಟು ದಿನ ಹೇಳುತ್ತಿದ್ದವರೇ ಈಗ ಯಾರ್ಕರ್ ಹಾಕಿಸುವ ಕೆಲಸವನ್ನೂ ಶುಕ್ರನಿಗೆ ವಹಿಸಿದ್ದಾರೆ. ರಾಜ್‌ಕುಮಾರ್ (1929), ಸಚಿನ್ ತೆಂಡೂಲ್ಕರ್ (1973) ಇಬ್ಬರದೂ ಏಪ್ರಿಲ್ 24. ಎರಡನ್ನೂ ನಾಲ್ಕನ್ನೂ ಕೂಡಿದರೆ ಅಲ್ಲೂ 6! ವಿಷ್ಣುವರ್ಧನ್ ಮತ್ತು ಉಪೇಂದ್ರ ಇಬ್ಬರೂ ಸೆಪ್ಟೆಂಬರ್ 18ರವರು. ಕೂಡಿದರೆ 9, ಅದು ಮಂಗಳನ ಪಾಲು. ಯಾವ ಮೊತ್ತ ಬಂದರೂ ಒಂದು ಗ್ರಹ ಕಾದು ಕೂತಿರುತ್ತದೆ.

‘ಡಿಸೆಂಬರ್ 6ಕ್ಕೇ ಯಾಕೆ?’ ಎಂದು ಎಲ್ಲರೂ ಕೇಳುತ್ತಾರೆ. ಕೇಳಬೇಕಾದ್ದು ಅದಲ್ಲ. ಇಷ್ಟು ಜನ ಆಟಗಾರರಿರುವಾಗ, 365 ದಿನಗಳಲ್ಲಿ ಯಾವ ದಿನಕ್ಕೂ ಹೀಗೆ ಗುಂಪು ಬೀಳದೆ ಇರುವುದು ಎಷ್ಟು ಕಷ್ಟ?

ಇದಕ್ಕೆ ಅಟ್ಟದ ಮೇಲಿರುವ ಅಳಗುಳಿಮಣೆ ಸಾಕು. ಮಣೆಗೆ 14 ಗುಳಿ. ಗುಳಿಗಳಿಗೆ 1ರಿಂದ 14ರವರೆಗೆ ನಂಬರು ಕೊಡಿ. ಅದೇ ನಂಬರುಗಳ 14 ಚೀಟಿ ಬರೆದು ಡಬ್ಬಿಗೆ ಹಾಕಿ. ಒಂದು ಚೀಟಿ ಎತ್ತಿ, ಆ ನಂಬರಿನ ಗುಳಿಗೆ ಒಂದು ಹುಣಸೆಬೀಜ ಹಾಕಿ, ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕಿ ಕುಲುಕಿ. ಒಂದೇ ಗುಳಿಯಲ್ಲಿ ಎರಡು ಬೀಜ ಕೂಡಿದ ಕೂಡಲೇ ಆಟ ಮುಗಿಯಿತು. ಎಷ್ಟನೇ ಬೀಜಕ್ಕೆ ಮುಗಿಯಿತು ಎಂದು ಬರೆದಿಡಿ. ಹೀಗೆ ಐವತ್ತು ಸಲ ಮಾಡಿ. 14 ಗುಳಿ ಇವೆಯಲ್ಲ, ಅರ್ಧ ತುಂಬುವ ಹೊತ್ತಿಗೆ, ಅಂದರೆ ಏಳೆಂಟನೇ ಬೀಜಕ್ಕೆ ಡಿಕ್ಕಿ ಆದೀತು ಎಂದು ಮನಸ್ಸು ಹೇಳುತ್ತದೆ. ಆಗುವುದು ಹಾಗಲ್ಲ. ಐದು ಬೀಜಕ್ಕೇ ಶೇಕಡಾ 55ರಷ್ಟು ಆಟಗಳು ಮುಗಿದಿರುತ್ತವೆ, ಏಳನೆಯದಕ್ಕೆ ಶೇಕಡಾ 84.

ಈ ಪ್ರಯೋಗ ಕೆಡುವುದು ಎರಡು ಕಡೆ. ಚೀಟಿಯನ್ನು ಡಬ್ಬಿಗೆ ವಾಪಸು ಹಾಕಲು ಮರೆತರೆ ಡಿಕ್ಕಿಯೇ ಆಗುವುದಿಲ್ಲ. ಚೀಟಿ ಯಾಕೆ, ಕೈಗೆ ಬಂದ ಗುಳಿಗೆ ಹಾಕಿದರಾಯಿತು ಎಂದು ಹೊರಟರೆ ಇನ್ನೂ ದೊಡ್ಡ ತಪ್ಪು: ಕೈ ತನಗೆ ತಿಳಿಯದಂತೆಯೇ ಖಾಲಿ ಗುಳಿಯನ್ನು ಹುಡುಕುತ್ತದೆ. ಅಡ್ಡಾದಿಡ್ಡಿ ಎಂದರೆ ಎಲ್ಲ ಕಡೆ ಸಮನಾಗಿ ಹರಡಿದ್ದು ಎಂದು ನಮ್ಮ ಮನಸ್ಸು ನಂಬಿಕೊಂಡಿದೆ. ನಿಜವಾದ ಅಡ್ಡಾದಿಡ್ಡಿ, ಅಂಗಳದ ಮೇಲೆ ಬಿದ್ದ ಮೊದಲ ಮಳೆಹನಿಗಳ ಹಾಗೆ, ಇಲ್ಲಿ ಮೂರು ಒಟ್ಟಿಗೆ, ಅಲ್ಲಿ ಒಂದು ಗೇಣು ಒಣನೆಲ. ಆ ಮೂರು ಹನಿ ಕೂಡಿದ ಜಾಗಕ್ಕೆ ನಾವು ಹೆಸರಿಟ್ಟು ಕಥೆ ಕಟ್ಟುತ್ತೇವೆ.

ಬೀಜ ಐದೇ ಆದರೂ ಡಿಕ್ಕಿಗೆ ಇರುವ ದಾರಿ ಐದಲ್ಲ. ಮೊದಲನೆಯದಕ್ಕೂ ಎರಡನೆಯದಕ್ಕೂ, ಮೊದಲನೆಯದಕ್ಕೂ ಮೂರನೆಯದಕ್ಕೂ ಎಂದು ಜೋಡಿ ಎಣಿಸುತ್ತ ಹೋದರೆ ಹತ್ತು. ಮದುವೆಮನೆಯ ಪಡಸಾಲೆಯಲ್ಲಿ 23 ಜನ ಕೂತಿದ್ದಾರೆ ಎನ್ನಿ. ಪ್ರತಿಯೊಬ್ಬರೂ ಉಳಿದ ಪ್ರತಿಯೊಬ್ಬರಿಗೂ ಒಮ್ಮೆ ನಮಸ್ಕಾರ ಹೇಳಿದರೆ 23ನ್ನು 22ರಿಂದ ಗುಣಿಸಿ ಎರಡರಿಂದ ಭಾಗಿಸಿದಷ್ಟು, ಅಂದರೆ 253 ಭೇಟಿಗಳು. ಒಂದೊಂದು ಭೇಟಿಯೂ ‘ನಿಮ್ಮ ಹುಟ್ಟುಹಬ್ಬ, ನನ್ನದು ಒಂದೇನಾ?’ ಎಂಬ ಒಂದು ಲಾಟರಿ ಚೀಟಿ. ಗೆಲುವು 365ರಲ್ಲಿ ಒಂದು. ಜನ ಒಂದೊಂದಾಗಿ ಹೆಚ್ಚುತ್ತಾರೆ, ಚೀಟಿಗಳು ರಾಶಿ ರಾಶಿಯಾಗಿ ಹೆಚ್ಚುತ್ತವೆ. ಪೂರ್ತಿ ಲೆಕ್ಕ ಬೇಕಾದವರು 364/365, 363/365 ಎನ್ನುತ್ತ 343/365ರವರೆಗೆ 22 ಭಿನ್ನರಾಶಿಗಳನ್ನು ಗುಣಿಸಲಿ. ಉತ್ತರ 0.493. ಅದು ಯಾರ ಹುಟ್ಟುಹಬ್ಬವೂ ಕೂಡದಿರುವ ಸಂಭವ. ಕೂಡುವ ಸಂಭವ ಶೇಕಡಾ 50.7. ಮೂವತ್ತು ಜನಕ್ಕೆ 70.6, ನಲವತ್ತು ಮಕ್ಕಳ ತರಗತಿಗೆ 89, ಐವತ್ತೇಳು ಜನಕ್ಕೆ 99. ಅರ್ಧಕ್ಕರ್ಧ ಸಂಭವಕ್ಕೆ ಎಷ್ಟು ಬೇಕು ಎಂಬ ಬಾಯಿಲೆಕ್ಕಕ್ಕೆ ಒಂದು ಸೂತ್ರ: ಗುಳಿಗಳ ಸಂಖ್ಯೆಯ ವರ್ಗಮೂಲವನ್ನು 1.18ರಿಂದ ಗುಣಿಸಿ. 14ಕ್ಕೆ 4.4, ಹಾಗಾಗಿ ಐದು ಬೀಜ, 365ಕ್ಕೆ 22.5, ಹಾಗಾಗಿ 23 ಜನ.

ಆದರೆ ‘ನನ್ನದೇ’ ಹುಟ್ಟುಹಬ್ಬದವರು ಬೇಕು ಎಂದು ಹಟ ಹಿಡಿದರೆ 23 ಜನ ಏನೇನೂ ಸಾಲದು. ಅರ್ಧಕ್ಕರ್ಧ ಸಂಭವಕ್ಕೆ 253 ಜನ ಬೇಕು. ಮತ್ತೆ ಅದೇ 253! ಇದರಲ್ಲಿ ಯಾವ ಮಂತ್ರವೂ ಇಲ್ಲ. ಬೇಕಾದದ್ದು 253 ಚೀಟಿ. ಪಡಸಾಲೆಯವರು ಅದನ್ನು ತಮ್ಮೊಳಗೇ ಹುಟ್ಟಿಸಿಕೊಂಡರು, ನೀವು ಒಬ್ಬೊಬ್ಬರನ್ನಾಗಿ ಕೇಳಿ ಸಂಪಾದಿಸಬೇಕು. ‘ಯಾರಾದರೂ ಇಬ್ಬರು’ ಎಂಬುದಕ್ಕೂ ‘ನಾನು ಮತ್ತು ಒಬ್ಬರು’ ಎಂಬುದಕ್ಕೂ ಇರುವ ಈ ಅಂತರ ತಿಳಿಯದ್ದರಿಂದಲೇ ಇಷ್ಟೆಲ್ಲ ಪವಾಡಗಳು ಹುಟ್ಟಿವೆ.

ಈಗ ಕ್ರಿಕೆಟ್ಟಿಗೆ ಬನ್ನಿ. ಭಾರತದ ಪರ ಟೆಸ್ಟ್ ಆಡಿದವರು 2025ರ ಹೊತ್ತಿಗೆ ಸುಮಾರು 320 ಜನ. 320 ಬೀಜ, 365 ಗುಳಿ. ಯಾವುದೋ ಒಂದು ಗುಳಿಯಲ್ಲಿ ಐದು ಅಥವಾ ಹೆಚ್ಚು ಬೀಜ ಕೂಡುವ ಸಂಭವ ಹೆಚ್ಚುಕಡಿಮೆ ಅರ್ಧಕ್ಕರ್ಧ. ನಾಣ್ಯ ಚಿಮ್ಮಿದ ಹಾಗೆ. 2025ರ ಜುಲೈನಲ್ಲಿ ಮ್ಯಾಂಚೆಸ್ಟರಿನಲ್ಲಿ ಟೆಸ್ಟಿಗೆ ಕಾಲಿಟ್ಟ ಅಂಶುಲ್ ಕಂಬೋಜ್ ಕೂಡ ಡಿಸೆಂಬರ್ 6ರವರೇ. ಆರು ಜನ ಎಂದರೆ ಸಂಭವ ಹತ್ತರಲ್ಲಿ ಒಂದರ ಆಸುಪಾಸಿಗೆ ಇಳಿಯುತ್ತದೆ. ಅಪರೂಪ ನಿಜ, ಆದರೆ ಗ್ರಹಗಳನ್ನು ಎಬ್ಬಿಸುವಷ್ಟು ಅಪರೂಪವಲ್ಲ.

ಬಲೆಯನ್ನು ಎಷ್ಟು ಅಗಲಕ್ಕೆ ಬೀಸಿದ್ದೇವೆ ಎಂಬುದನ್ನೂ ನೋಡಬೇಕು. ಗಾಯಕ ಸಿ. ಅಶ್ವತ್ಥ್ ಹುಟ್ಟಿದ್ದು 1939ರ ಡಿಸೆಂಬರ್ 29, ತೀರಿಕೊಂಡದ್ದು 2009ರ ಡಿಸೆಂಬರ್ 29. ಅವರು ಯಾರ ಕವಿತೆಗಳಿಗೆ ದನಿಯಾದರೋ ಆ ಕುವೆಂಪು ಹುಟ್ಟಿದ್ದೂ ಡಿಸೆಂಬರ್ 29 (1904). ಅಶ್ವತ್ಥ್ ಹೋದ ಮರುದಿನವೇ ವಿಷ್ಣುವರ್ಧನ್ ಹೋದರು. ಓದಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಇಷ್ಟರಲ್ಲಿ ನಾವು ಎಷ್ಟು ಬಗೆಯ ಹೊಂದಿಕೆಗಳನ್ನು ಒಪ್ಪಿಕೊಂಡೆವು ನೋಡಿ: ಹುಟ್ಟು–ಹುಟ್ಟು, ಹುಟ್ಟು–ಸಾವು, ತನ್ನದೇ ಹುಟ್ಟು–ಸಾವು, ಮೇಲೆ ‘ಮರುದಿನ’ ಬೇರೆ. ಒಂದು ದಿನ ಆಚೀಚೆ ಆದರೂ ಸರಿ ಎಂದುಬಿಟ್ಟರೆ 23 ಜನ ಬೇಕಿದ್ದ ಕಡೆ 14 ಜನ ಸಾಕು. ಹುಟ್ಟಿದ ತಾರೀಖಿನಂದೇ ಸಾಯುವವರು ಮಾತ್ರ 365ರಲ್ಲಿ ಒಬ್ಬರಿಗಿಂತ ತುಸು ಹೆಚ್ಚೇ ಇದ್ದಾರೆ. ಸ್ವಿಟ್ಜರ್ಲೆಂಡಿನ 20 ಲಕ್ಷಕ್ಕೂ ಹೆಚ್ಚು ಮರಣ ದಾಖಲೆಗಳಲ್ಲಿ ಈ ಹೆಚ್ಚಳ ಶೇಕಡಾ 13.8 ಇತ್ತು.

ಕೆಲವು ‘ಒಂದೇ ದಿನ’ಗಳಲ್ಲಿ ದಿನವೇ ಒಂದಲ್ಲ. ಗೆಲಿಲಿಯೋ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ ಎಂಬುದನ್ನು ಎಷ್ಟು ಪಠ್ಯಗಳಲ್ಲಿ ಓದಿಲ್ಲ! ಗೆಲಿಲಿಯೋ ಸತ್ತದ್ದು 1642ರ ಜನವರಿ 8, ಇಟಲಿಯ ಗ್ರೆಗೋರಿಯನ್ ಪಂಚಾಂಗದ ಪ್ರಕಾರ. ನ್ಯೂಟನ್ ಹುಟ್ಟಿದ್ದು 1642ರ ಡಿಸೆಂಬರ್ 25, ಆಗ ಹತ್ತು ದಿನ ಹಿಂದಿದ್ದ ಇಂಗ್ಲೆಂಡಿನ ಹಳೆಯ ಜೂಲಿಯನ್ ಪಂಚಾಂಗದ ಪ್ರಕಾರ. ಹತ್ತು ದಿನ ಕೂಡಿಸಿ ಒಂದೇ ಪಂಚಾಂಗಕ್ಕೆ ತಂದರೆ ನ್ಯೂಟನ್‌ನದು 1643ರ ಜನವರಿ 4. ವರ್ಷ ತಪ್ಪಿತು, ಕ್ರಿಸ್‌ಮಸ್ಸೂ ಕೈತಪ್ಪಿತು. ಷೇಕ್ಸ್‌ಪಿಯರ್, ಸರ್ವಾಂಟಿಸ್ ಇಬ್ಬರೂ ಸತ್ತದ್ದು 1616ರ ಏಪ್ರಿಲ್ 23 ಎನ್ನುತ್ತಾರೆ. ಯುನೆಸ್ಕೋದ ವಿಶ್ವ ಪುಸ್ತಕ ದಿನ ಅಂದೇ. ಇಂಗ್ಲೆಂಡಿನ ಏಪ್ರಿಲ್ 23 ಸ್ಪೇನಿನಲ್ಲಿ ಮೇ 3. ಸಾಲದ್ದಕ್ಕೆ ಸರ್ವಾಂಟಿಸ್ ಸತ್ತದ್ದು 22ರಂದು, 23 ಮಣ್ಣು ಮಾಡಿದ ದಿನ. ಇಂಗ್ಲೆಂಡ್ ಹೊಸ ಪಂಚಾಂಗಕ್ಕೆ ಬಂದದ್ದು 1752ರಲ್ಲಿ, ಸೆಪ್ಟೆಂಬರ್ 2ರ ಮರುದಿನವನ್ನು 14 ಎಂದು ಕರೆದು. ರಷ್ಯಾ ಇನ್ನೂ ತಡ ಮಾಡಿತು. ಅದಕ್ಕೇ ಅಕ್ಟೋಬರ್ ಕ್ರಾಂತಿಯ ವಾರ್ಷಿಕೋತ್ಸವ ನವೆಂಬರ್ 7ಕ್ಕೆ. ಪಂಚಾಂಗ ಸರಿಯಿದ್ದರೂ ಗಡಿಯಾರ ಕೈಕೊಡಬಹುದು. ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟಾಗ ಅಮೆರಿಕದಲ್ಲಿ 1969ರ ಜುಲೈ 20ರ ರಾತ್ರಿ, ನಮ್ಮಲ್ಲಿ 21ರ ಬೆಳಿಗ್ಗೆ 8 ಗಂಟೆ 26 ನಿಮಿಷ.

ಇನ್ನು ಕೆಲವು ತಾರೀಖುಗಳನ್ನು ಬೇಕೆಂದೇ ಕೂಡಿಸಿದ್ದು. 1947ರಲ್ಲಿ ಆಗಸ್ಟ್ 15ನ್ನು ಆರಿಸಿದ ಮೌಂಟ್‌ಬ್ಯಾಟನ್‌ಗೆ ಅದು ಜಪಾನ್ ಶರಣಾದ ದಿನದ ಎರಡನೇ ವರ್ಷ. ಸಂವಿಧಾನ ಸಿದ್ಧವಾದದ್ದು 1949ರ ನವೆಂಬರ್ 26ಕ್ಕೆ. ಜನವರಿ 26ರವರೆಗೆ ಕಾದದ್ದು 1930ರ ಪೂರ್ಣ ಸ್ವರಾಜ್ಯ ದಿನಕ್ಕೆ ಕೂಡಲೆಂದು. ನವೆಂಬರ್ 1ರಂದೇ ನಮಗೂ ಕೇರಳಕ್ಕೂ ರಾಜ್ಯೋತ್ಸವ. ಎರಡೂ 1956ರ ಒಂದೇ ಕಾಯ್ದೆಯ ಮಕ್ಕಳು. ಆದರೆ ಸಂಗೊಳ್ಳಿ ರಾಯಣ್ಣ ಹುಟ್ಟಿದ್ದು ಆಗಸ್ಟ್ 15, ಗಲ್ಲಿಗೇರಿದ್ದು ಜನವರಿ 26 ಎಂಬ ಮಾತಿಗೆ ಇಂಥ ಯಾವ ಸರ್ಕಾರಿ ಆಯ್ಕೆಯ ಹಿನ್ನೆಲೆಯೂ ಇಲ್ಲ. ಒಬ್ಬ ವ್ಯಕ್ತಿಗೆ ಈ ಎರಡೂ ತಾರೀಖು ಕೂಡುವ ಸಂಭವ 1,33,225ರಲ್ಲಿ ಒಂದು. ಇಂಥದ್ದು ಎದುರಾದಾಗ ತಾರೀಖು ಎಲ್ಲಿಂದ ಬಂತು ಎಂದು ಮೊದಲು ಕೇಳಬೇಕು. ನಂದಗಡದಲ್ಲಿ 1831ರ ಜನವರಿ 26ರಂದು ನೇಣು ಹಾಕಿದ್ದು ಇಂಗ್ಲಿಷ್ ತಾರೀಖು ಬರೆದಿಡುತ್ತಿದ್ದ ಕಂಪನಿ ಸರ್ಕಾರ. ಹದಿನೆಂಟನೇ ಶತಮಾನದ ಹಳ್ಳಿಯ ಮನೆಯೊಂದರಲ್ಲಿ ಮಗು ಹುಟ್ಟಿದರೆ ಆಗಸ್ಟು ಎಂದು ಬರೆಯುವವರು ಯಾರಿದ್ದರು? ಎರಡು ತುದಿಗಳಿಗೂ ಒಂದೇ ತೂಕ ಕೊಡಲಾಗದು.

ಅಷ್ಟು ಹಿಂದೆ ಹೋಗುವುದೂ ಬೇಡ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೂ ಹಿಂದಿನ ತಲೆಮಾರಿನ ಶಾಲಾ ದಾಖಲೆಗಳಲ್ಲಿ ಜೂನ್ 1ರಂದು ಹುಟ್ಟಿದವರು ಕಂಡಾಪಟ್ಟೆ. ಶಾಲೆ ತೆರೆಯುವುದು ಜೂನ್‌ನಲ್ಲಿ. ಮಗುವನ್ನು ಕರೆತಂದ ಅಪ್ಪನಿಗೆ ‘ದೊಡ್ಡ ಮಳೆ ಬಂದ ವರ್ಷ’ ಎಂಬಷ್ಟೇ ನೆನಪು. ಮೇಷ್ಟ್ರು ಕೈಯನ್ನು ತಲೆಯ ಮೇಲಿಂದ ಹಾಯಿಸಿ ಕಿವಿ ಮುಟ್ಟಿಸಿ, ವಯಸ್ಸು ಸರಿಯಾಗುವಂತೆ ಒಂದು ತಾರೀಖು ಬರೆದರು. ನಿವೃತ್ತರ ಪಟ್ಟಿ ಹಿಡಿದು ಪಡಸಾಲೆಯ ಲೆಕ್ಕ ಮಾಡಿದರೆ 23 ಜನವೂ ಬೇಕಾಗುವುದಿಲ್ಲ. ಗುಳಿಗಳಲ್ಲಿ ಒಂದು ಉಳಿದವಕ್ಕಿಂತ ಅಗಲವಾದರೆ ಡಿಕ್ಕಿಯ ಸಂಭವ ಯಾವಾಗಲೂ ಏರುತ್ತದೆ, ಇಳಿಯುವುದಿಲ್ಲ.

ಎಲ್ಲಕ್ಕಿಂತ ಕಿರಿದಾದ ಗುಳಿ ಫೆಬ್ರುವರಿ 29. ಮೊರಾರ್ಜಿ ದೇಸಾಯಿ ಹುಟ್ಟಿದ್ದು 1896ರ ಫೆಬ್ರುವರಿ 29. ನಾನೂರರಿಂದ ಭಾಗವಾಗದ ಶತಮಾನದ ವರ್ಷವಾದ್ದರಿಂದ 1900 ಅಧಿಕ ವರ್ಷವಲ್ಲ. ಅವರಿಗೆ ಮೊದಲ ಹುಟ್ಟುಹಬ್ಬ ಬಂದದ್ದು ಎಂಟು ತುಂಬಿದಾಗ, 1904ರಲ್ಲಿ. ಅದೇ ದಿನ ಮದುರೈನಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಮುಂದೆ ಮದ್ರಾಸಿನಲ್ಲಿ ಕಲಾಕ್ಷೇತ್ರ ಎಂಬ ನೃತ್ಯಶಾಲೆ ಕಟ್ಟಿದ ರುಕ್ಮಿಣಿ ದೇವಿ ಅರುಂಡೇಲ್. 1977ರಲ್ಲಿ ಪ್ರಧಾನಿಯಾಗಿದ್ದ ಮೊರಾರ್ಜಿ, ರಾಷ್ಟ್ರಪತಿಯಾಗುತ್ತೀರಾ ಎಂದು ಆಕೆಯನ್ನು ಕೇಳಿದರು. ಆಕೆ ಒಲ್ಲೆ ಎಂದರು.