ಬಿಲ್ಲು ಬಿಎಂಸಿಯದು, ಬಾಬತ್ತು ಮಂತ್ರಾಲಯದ್ದು

ಮುಂಬಯಿಯಲ್ಲಿ ಹೋಟೆಲ್ ನಡೆಸುವ ನಮ್ಮ ಊರಿನವರ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಪ್ರಾಪರ್ಟಿ ಟ್ಯಾಕ್ಸ್ ಬಿಲ್ಲು ಬಂದಾಗೆಲ್ಲ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: ‘ಇದರಲ್ಲಿ ರೋಜ್‌ಗಾರ್ ಹಮಿ ಅಂತ ಒಂದು ಸಾಲು ಇದೆಯಲ್ಲ, ಅದೇನು ಭಟ್ರೇ?’

ರೋಜ್‌ಗಾರ್ ಹಮಿ ಎಂದರೆ ಉದ್ಯೋಗ ಖಾತರಿ. ಆ ದುಡ್ಡು ಬಿಎಂಸಿಯದಲ್ಲ, ಅಂದರೆ ಮುಂಬಯಿ ಮಹಾನಗರ ಪಾಲಿಕೆಯದಲ್ಲ; ಮಂತ್ರಾಲಯದ್ದು, ಅಂದರೆ ರಾಜ್ಯ ಸರ್ಕಾರದ್ದು. ಅದಕ್ಕೆ 1962ರ ಶಿಕ್ಷಣ ಮತ್ತು ಉದ್ಯೋಗ ಖಾತರಿ ಸೆಸ್ ಕಾಯ್ದೆಯ ಆಧಾರ. ಕೇಂದ್ರದ ನರೇಗಾ ಬಂದದ್ದು 2005ರಲ್ಲಿ. ಮಹಾರಾಷ್ಟ್ರ 1977ರಲ್ಲೇ ಉದ್ಯೋಗ ಖಾತರಿಗೆ ಕಾಯ್ದೆ ಮಾಡಿತ್ತು. ಹಳ್ಳಿಯ ಕೂಲಿಗೆ ಬೇಕಾದ ಹಣವನ್ನು ಶಹರದ ಅಂಗಡಿ, ಹೋಟೆಲು, ಆಫೀಸುಗಳಿಂದ ಎತ್ತುವುದು ಅದರ ಲೆಕ್ಕಾಚಾರ. ವಸೂಲಿ ಮಾಡಿಕೊಡುವುದಷ್ಟೇ ಬಿಎಂಸಿಯ ಕೆಲಸ. ಅದೇ ಬಿಲ್ಲಿನಲ್ಲಿ ಶಿಕ್ಷಣದ ಸೆಸ್ ಕೂಡ ಎರಡು ಸಾಲಿನಲ್ಲಿದೆ ನೋಡಿ. ಒಂದು ಪಾಲಿಕೆಗೆ, ಇನ್ನೊಂದು ರಾಜ್ಯಕ್ಕೆ. ಬೈಗುಳ ಮಾತ್ರ ಪೂರ್ತಿ ವಾರ್ಡ್ ಆಫೀಸಿಗೆ!

ಬಿಲ್ಲಿನ ಉಳಿದ ಸಾಲುಗಳಾದರೂ ಪಾಲಿಕೆಯ ಕೈಯಲ್ಲಿವೆಯೇ? ಅದೂ ಅರ್ಧಂಬರ್ಧ. 2010ರಿಂದ ಇಲ್ಲಿ ತೆರಿಗೆ ನಿಂತಿರುವುದು ಕಟ್ಟಡದ ಬಂಡವಾಳ ಮೌಲ್ಯದ ಮೇಲೆ. ಆ ಮೌಲ್ಯಕ್ಕೆ ಆಧಾರ ರೆಡಿ ರೆಕನರ್ ದರ, ಅಂದರೆ ಆಸ್ತಿಗೆ ಸರ್ಕಾರ ಗೊತ್ತುಪಡಿಸುವ ಮಾರ್ಗಸೂಚಿ ದರ. ಆ ದರ ಹೊರಡಿಸುವುದು ರಾಜ್ಯದ ನೋಂದಣಿ ಮತ್ತು ಮುದ್ರಾಂಕ ಇಲಾಖೆ. ಐನೂರು ಚದರ ಅಡಿಯೊಳಗಿನ ಮನೆಗಳಿಗೆ 2022ರ ಜನವರಿಯಿಂದ ತೆರಿಗೆ ಮಾಫಿ ಸಿಕ್ಕಿತಲ್ಲ, ಅದಕ್ಕೂ ಕಾಯ್ದೆ ತಿದ್ದಬೇಕಾದದ್ದು ರಾಜ್ಯವೇ. ಮಾಫಿಯ ಪುಣ್ಯ ಮಂತ್ರಾಲಯಕ್ಕೆ, ಆದಾಯದ ಖೋತಾ ಪಾಲಿಕೆಗೆ. ಇದು ನನಗೆ ಸರಿ ಕಾಣುವುದಿಲ್ಲ.

ದೊಡ್ಡ ಕಥೆ ಜಕಾತಿಯದು, ಅಂದರೆ ಊರೊಳಗೆ ಬರುವ ಸರಕಿನ ಮೇಲಿನ ತೆರಿಗೆಯದು. ದಹಿಸರ್, ಮುಲುಂಡ್ ನಾಕಾಗಳಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದದ್ದು ಹಳಬರಿಗೆ ನೆನಪಿರಬಹುದು. ಬಿಎಂಸಿಯ ಅತಿ ದೊಡ್ಡ ಆದಾಯ ಅದೇ ಆಗಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂತು, ನಾಕಾ ಮುಚ್ಚಿತು. ಕೇಂದ್ರವು ರಾಜ್ಯಗಳಿಗೆ ಐದು ವರ್ಷ, ವರ್ಷಕ್ಕೆ ಶೇ. 14ರಷ್ಟು ಬೆಳವಣಿಗೆ ಹಿಡಿದು ನಷ್ಟ ತುಂಬಿಕೊಡುವ ಭರವಸೆ ಕೊಟ್ಟಿತು. ಮಹಾರಾಷ್ಟ್ರ ತನ್ನ ಪಾಲಿಕೆಗಳಿಗೆ ಬೇರೆ ಕಾಯ್ದೆ ಮಾಡಿ ಶೇ. 8 ಹಿಡಿಯಿತು. ಮುಂಬಯಿಗೆ ಹಣ ತಿಂಗಳು ತಿಂಗಳು ಬರುತ್ತದೆ, ಇಲ್ಲ ಅನ್ನುವಂತಿಲ್ಲ. ಆದರೆ ಮೊದಲು ತಾನೇ ನಾಕಾದಲ್ಲಿ ಎಣಿಸಿಕೊಳ್ಳುತ್ತಿದ್ದ ದುಡ್ಡಿಗೆ ಈಗ ರಾಜ್ಯದ ಕಡೆ ನೋಡುತ್ತ ಕೂರಬೇಕು. 2025-26ರಲ್ಲಿ ಬಿಎಂಸಿ ಬಜೆಟ್ 74 ಸಾವಿರ ಕೋಟಿ ರೂಪಾಯಿ ದಾಟಿತ್ತು. ಗೋವಾ ಸರ್ಕಾರದ ಬಜೆಟ್‌ನ ಎರಡು ಪಟ್ಟಿಗಿಂತ ಜಾಸ್ತಿ! ಇಷ್ಟು ಸಿರಿವಂತ ಮನೆಯಲ್ಲಿ ಯಜಮಾನ ಯಾರು ಎಂದರೆ, ರಾಜ್ಯ ಸರ್ಕಾರ ಕಳಿಸಿದ ಐಎಎಸ್ ಕಮಿಷನರ್. 1888ರ ಪಾಲಿಕೆ ಕಾಯ್ದೆ ಆಡಳಿತದ ಅಧಿಕಾರ ಕೊಟ್ಟಿರುವುದು ಅವರಿಗೇ. ಮೇಯರ್‌ಗೆ ಮಾನ ಇದೆ, ಅಧಿಕಾರ ಕಡಿಮೆ. ಸಂವಿಧಾನದ 74ನೇ ತಿದ್ದುಪಡಿ ಹದಿನೆಂಟು ವಿಷಯಗಳ ಪಟ್ಟಿ ಕೊಟ್ಟಿತು ನಿಜ. ಅವುಗಳಲ್ಲಿ ಎಷ್ಟನ್ನು ಪಾಲಿಕೆಗೆ ಬಿಡಬೇಕು ಎಂಬುದನ್ನು ಮತ್ತೆ ರಾಜ್ಯದ ಕೈಗೇ ಬಿಟ್ಟಿತು.

2022ರ ಮಾರ್ಚ್‌ನಲ್ಲಿ ಪಾಲಿಕೆಯ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎಂದು ಸಂವಿಧಾನ ಹೇಳುತ್ತದೆ. ಆದದ್ದು 2026ರ ಜನವರಿಯಲ್ಲಿ, ಅದೂ ಸುಪ್ರೀಂ ಕೋರ್ಟ್ ಗಡುವು ಹಾಕಿದ ಮೇಲೆ. ನಡುವಿನ ವರ್ಷಗಳಲ್ಲಿ ಕಮಿಷನರೇ ಆಡಳಿತಾಧಿಕಾರಿ. ಬಜೆಟ್ ತಯಾರಿಸುವ ಆಡಳಿತವೂ ಅವರದೇ, ಮಂಜೂರು ಮಾಡುವ ಸಹಿಯೂ ಅವರದೇ. ಪ್ರಶ್ನೆ ಕೇಳಲು 227 ನಗರಸೇವಕರಲ್ಲಿ (ಕಾರ್ಪೊರೇಟರ್) ಒಬ್ಬರೂ ಇರಲಿಲ್ಲ.

ಈಗ ನಗರಸೇವಕರು ಬಂದಿದ್ದಾರೆ. ಅವರ ಹತ್ತಿರ ಏನು ಕೇಳಬೇಕು ಎಂಬುದು ಗೊತ್ತಿದ್ದರೆ ಒಳ್ಳೆಯದು. ಗಟಾರ, ಕಸ, ನೀರು, ಹೋಟೆಲಿನ ಹೆಲ್ತ್ ಲೈಸೆನ್ಸು, ಬಿಎಂಸಿಯ ಕನ್ನಡ ಶಾಲೆಗೆ ಶಿಕ್ಷಕರು, ಇವನ್ನು ಅವರ ಹತ್ತಿರ ಕೇಳಿ. ಬಾರ್ ಲೈಸೆನ್ಸಿಗೆ ಅವರ ಹಿಂದೆ ಅಲೆಯಬೇಡಿ, ಅದು ರಾಜ್ಯದ ಅಬಕಾರಿ ಇಲಾಖೆಯದು. ಹೌಸಿಂಗ್ ಸೊಸೈಟಿಯ ಜಗಳ ಸಹಕಾರ ಇಲಾಖೆಯ ಡೆಪ್ಯುಟಿ ರಿಜಿಸ್ಟ್ರಾರ್ ಮುಂದೆ ಹೋಗುತ್ತದೆ. ಚೆಂಬೂರಿನ ತಿಲಕ್ ನಗರದಂಥ ಮ್ಹಾಡಾ (ರಾಜ್ಯದ ವಸತಿ ಪ್ರಾಧಿಕಾರ) ಕಾಲನಿಗಳಲ್ಲಿ ಕಟ್ಟಡದ ನಕ್ಷೆ ಕೂಡ 2018ರಿಂದ ಬಿಎಂಸಿಗಲ್ಲ, ಮ್ಹಾಡಾಕ್ಕೇ ಹೋಗುವುದು.

ಎಲ್ಲರೂ ತಲೆ ಕೆಡಿಸಿಕೊಳ್ಳುವ ಎಫ್‌ಎಸ್‌ಐ (ನಿವೇಶನದ ಅಳತೆಗೆ ಎಷ್ಟು ಕಟ್ಟಬಹುದು ಎಂಬ ಮಿತಿ) ವಿಷಯದಲ್ಲಿ ಕೊನೆಯ ಮಾತು ರಾಜ್ಯದ ನಗರವಿಕಾಸ ಇಲಾಖೆಯದು. ನಿಯಮ ಬದಲಿಸುವ ಮುಂಚೆ ಅದು ಸಾಮಾನ್ಯವಾಗಿ ನೋಟಿಸು ಹೊರಡಿಸಿ, ಆಕ್ಷೇಪಣೆ ಸಲ್ಲಿಸಲು ಸಮಯ ಕೊಡುತ್ತದೆ. ನಮ್ಮ ಸೊಸೈಟಿಗಳು ಅದನ್ನು ನೋಡುವುದೇ ಇಲ್ಲ, ಕೆಲಸ ಶುರುವಾದ ಮೇಲೆ ವಾರ್ಡ್ ಆಫೀಸಿನಲ್ಲಿ ಕೂಗಾಡುತ್ತವೆ. ಗಡುವಿನ ಒಳಗೆ ಸೊಸೈಟಿಯ ಲೆಟರ್‌ಹೆಡ್‌ನಲ್ಲಿ ಒಂದು ಪುಟ ಬರೆಯಿರಿ. ಕಮಿಟಿಯ ಠರಾವು ಜೊತೆಗಿಡಿ. ಕೊಟ್ಟು ಬರುವಾಗ ನಿಮ್ಮ ಪ್ರತಿಯ ಮೇಲೆ ಇನ್‌ವರ್ಡ್ ಸಿಕ್ಕಾ ಹಾಕಿಸಿಕೊಳ್ಳಲು ಮರೆಯಬೇಡಿ.