ತಾತ ಕಟ್ಟಿಸಿದ ಮನೆಯನ್ನೂ ಉಳಿಸಬೇಕಾ?

ಓದುಗರ ಪ್ರಶ್ನೆ: ಬಸವನಗುಡಿಯಲ್ಲಿ ನಮ್ಮ ತಾತ ಕಟ್ಟಿಸಿದ ಮನೆ ಇದೆ. ಕೆಡವೋಣ ಅಂದರೆ ಪರಿಚಯದವರೆಲ್ಲ ಬೇಡ ಅಂತಾರೆ. ಅದೇನು ಅರಮನೆಯಾ? ಇಂಥದ್ದನ್ನು ಉಳಿಸಿ ಊರಿಗೇನು ಲಾಭ?

ಅರಮನೆಯಲ್ಲ, ನಿಜ. ಆದರೆ ಊರಿನ ಕಥೆ ಅರಮನೆಯಲ್ಲಿ ಮಾತ್ರ ಇರೋದಿಲ್ಲವಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಕಿಷ್ಕಿಂಧೆಯಂಥ ಪೇಟೆ ಬೀದಿಗಳನ್ನು ಬಿಟ್ಟು ಜನ ಹೊರಗೆ ಓಡಿದರು. ಬಸವನಗುಡಿ, ಮಲ್ಲೇಶ್ವರ ಬೆಳೆಯೋಕೆ ಆ ಪ್ಲೇಗೂ ಒಂದು ದೊಡ್ಡ ಕಾರಣ. ನೇರ ರಸ್ತೆ, ಸುತ್ತ ಖಾಲಿ ಜಾಗ ಬಿಟ್ಟು ಕಟ್ಟಿದ ಮನೆ, ಎತ್ತರದ ಸೂರು, ಗೋಡೆ ಮೇಲಿನ ವೆಂಟಿಲೇಟರ್, ಇವೆಲ್ಲ ಬರೀ ಶೋಕಿ ಅಲ್ಲ. ಗಾಳಿ ಬೆಳಕಿಲ್ಲದ ಮನೆಗಳಿಗೆ ಹೆದರಿದ ಜನ ಹೇಗೆ ಬದುಕಬೇಕು ಅಂದುಕೊಂಡರು ಅನ್ನೋದಕ್ಕೆ ಸಾಕ್ಷಿ. ಪುಸ್ತಕದಲ್ಲಿ ಓದಬಹುದು, ಸರಿ. ಆದರೆ ಏಪ್ರಿಲ್ ಮಧ್ಯಾಹ್ನ ಆ ನಡುಮನೆಯಲ್ಲಿ ಕೂತರೆ ಬೇರೆಯೇ ಅರ್ಥವಾಗುತ್ತೆ, ಅಲ್ವಾ?

ಇನ್ನೊಂದು ವಿಷಯ. ಕಟ್ಟಡ ಉಳಿಯೋದು ಬರೀ ಅಭಿಮಾನದಿಂದಲ್ಲ, ಬಳಕೆಯಿಂದ. ಬೆಂಗಳೂರು ಕೋಟೆ ಯಾರ ಬಳಕೆಗೂ ಬೇಡವಾಯಿತು, ಈಗ ಡೆಲ್ಲಿ ಗೇಟಿನ ಹತ್ತಿರ ಒಂದು ತುಂಡು ಮಾತ್ರ ಇದೆ. ಪಕ್ಕದ ಟಿಪ್ಪು ಅರಮನೆ ಮಾತ್ರ ಬ್ರಿಟಿಷರ ಕಾಲದಲ್ಲಿ ಸರ್ಕಾರಿ ಕಚೇರಿಯಾಗಿ ಬಳಕೆಯಲ್ಲಿತ್ತು, ಉಳಿಯಿತು. 1868ರಲ್ಲಿ ಆ ಕಚೇರಿಗಳು ಕಬ್ಬನ್ ಪಾರ್ಕಿನ ಕೆಂಪು ಅಠಾರಾ ಕಚೇರಿಗೆ ಹೋದವು. 1980ರ ದಶಕದಲ್ಲಿ ಆ ಕಟ್ಟಡವನ್ನೇ ಕೆಡವುವ ಯೋಚನೆ ಸರ್ಕಾರಕ್ಕೆ ಬಂತು. ಜನ ಗಲಾಟೆ ಮಾಡಿದರು, ಕೋರ್ಟಿಗೂ ಹೋದರು. ತಮಾಷೆ ಅಂದರೆ, ಹೈಕೋರ್ಟ್ ಇರೋದೇ ಆ ಕಟ್ಟಡದಲ್ಲಿ! ಇವತ್ತು ಅದಿಲ್ಲದ ಕಬ್ಬನ್ ಪಾರ್ಕನ್ನು ಊಹಿಸೋಕೂ ಆಗಲ್ಲ.

ಹಾಗಂತ ನಿಮಗೆ ಉಪದೇಶ ಮಾಡೋದು ಸುಲಭ, ರಿಪೇರಿ ಖರ್ಚು ಕೊಡೋರು ಯಾರು? 1958ರ ಕೇಂದ್ರ ಕಾಯ್ದೆಯಾಗಲಿ 1961ರ ರಾಜ್ಯದ ಕಾಯ್ದೆಯಾಗಲಿ, ಸ್ಮಾರಕ ಅಂತ ಘೋಷಿಸಿದ್ದನ್ನು ಕಾಪಾಡುತ್ತವೆ. ಸಾಮಾನ್ಯ ಮನೆ ತಾನಾಗಿಯೇ ಅದರಲ್ಲಿ ಸೇರಲ್ಲ. ಮನೆಯವರೇ ಎಲ್ಲ ಹೊರಬೇಕು ಅನ್ನೋದು ನನ್ನ ಪ್ರಕಾರ ಅನ್ಯಾಯ.

ಆದರೂ 'ಗೋಡೆ ಹೋಗಿದೆ, ಇನ್ನು ನಿಲ್ಲಲ್ಲ' ಅಂತ ಯಾರಾದರೂ ಹೇಳಿದರೆ ಸುಮ್ನೆ ಒಪ್ಪಬೇಡಿ. ಹಳೇ ಗೋಡೆ ಸುಣ್ಣದ ಗಾರೆಯದ್ದಾಗಿದ್ದರೆ ಅದು ತೇವ ಎಳೆದುಕೊಂಡು ಮತ್ತೆ ಹೊರಗೆ ಬಿಡುತ್ತೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಇಟ್ಟಿಗೆ ಉದುರೋಕೆ ಶುರುವಾಗುತ್ತೆ, ಆಮೇಲೆ ಬೈಗುಳ ಮಾತ್ರ ಹಳೇ ಮನೆಗೆ. ಸಿಮೆಂಟ್ ಕೆತ್ತಿಸಿ ಸುಣ್ಣದ ಗಾರೆ ಹಾಕಿಸಿದರೆ ಎಷ್ಟೋ ಗೋಡೆ ಸುಧಾರಿಸುತ್ತವೆ. ಸುಣ್ಣದ ಕೆಲಸ ಗೊತ್ತಿರೋ ಮೇಸ್ತ್ರಿಗೇ ತೋರಿಸಿ. ಮುಂದಿನ ಕೋಣೆಗಳನ್ನು ಕ್ಲಿನಿಕ್ಕಿಗೋ ಕಾಫಿ ಅಂಗಡಿಗೋ ಬಾಡಿಗೆಗೆ ಕೊಡಬಹುದಾ ಅಂತಲೂ ವಿಚಾರಿಸಿ.

ಎಲ್ಲ ನೋಡಿಯೂ ಕೆಡವಲೇಬೇಕು ಅಂತಾದರೆ, ಜೆಸಿಬಿ ಬರೋ ಮುಂಚೆ ಒಬ್ಬ ಆರ್ಕಿಟೆಕ್ಟ್ ಕೈಲಿ ಮನೆಯ ಪೂರ್ತಿ ಅಳತೆ ತೆಗೆಸಿ, ಫೋಟೊ ತೆಗೆಸಿ, ಒಂದು ಪ್ರತಿಯನ್ನು ಹಳೇ ಕಟ್ಟಡಗಳನ್ನು ಉಳಿಸೋ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕಕ್ಕೆ ಕೊಡಿ.